ಒಂದು ಕಾಲು ನೆಲದಲ್ಲಿರಲಿ

ಎಡಗಾಲೇ,
ಹನ್ನೊಂದು ವಾರ ನೀನು ಮನೆಗೆ ಬಂದ ನೆಂಟನ ಹಾಗೆ
ದಿಂಬಿನ ಮೇಲೆ ಒರಗಿಕೊಂಡಿದ್ದೆ.
ಬಲಗಾಲು ದುಡಿಯಿತು, ಗೊಣಗಿತು, ಮೆಟ್ಟಿಲು ಹತ್ತಿತು.
ಊರುಗೋಲು ಕಂಕುಳು ತರಚಿದ ಕಡೆ
ಅಮ್ಮ ಹಂದಿಕೊಬ್ಬು ಸವರಿದಳು.

ಎರಡನೆಯ ಬೆರಳಿನ ಹಿಂದಿನ ಮೂಳೆ, ಕೂದಲೆಳೆಯ ಬಿರುಕು.
ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದಾಗ
ಅದರ ಹಿಂದೆ ತೊಮೆಬಾಂಬಾ ನದಿ ಹರಿಯುತ್ತಿತ್ತು.
ಯಾವುದು ಬಿರುಕು, ಯಾವುದು ನೀರು,
ಡಾಕ್ಟರೇ ಪೆನ್ಸಿಲಿನಿಂದ ತೋರಿಸಬೇಕಾಯಿತು.

ನಮ್ಮದು ಓಟವಲ್ಲ, ನಡಿಗೆ.
ನಿಯಮ ಎರಡೇ:
ಊರಿದ ಕಾಲಿನ ಮಂಡಿ ಮಡಿಸಬಾರದು,
ಸದಾ ಒಂದು ಕಾಲು ನೆಲದಲ್ಲಿರಬೇಕು.
ಎರಡೂ ಗಾಳಿಯಲ್ಲಿ ಕಂಡರೆ ಹಳದಿ ಹಲಗೆ, ಆಮೇಲೆ ಕೆಂಪು ಚೀಟಿ.
ಸೊಂಟ ಕುಲುಕುವುದನ್ನು ನೋಡಿ
ಬಸ್‌ಸ್ಟಾಪಿನ ಹುಡುಗರು ಶಿಳ್ಳೆ ಹಾಕುತ್ತಾರೆ.
ಅವರ ಓಟಕ್ಕಿಂತ ನನ್ನ ನಡಿಗೆ ಜೋರು,
ಅದು ಅವರಿಗೂ ಗೊತ್ತು.

ಕಾಲ್ಬೆರಳಿನಿಂದ ಗೋಲಿ ಹೆಕ್ಕು ಅಂದಳು ಫಿಸಿಯೋ.
ಮನೆಯಲ್ಲಿ ಗೋಲಿ ಎಲ್ಲಿ?
ಮೋತೆ ಬೇಯಿಸಲು ಅಮ್ಮ ಆರಿಸಿಟ್ಟ ಮೆಕ್ಕೆಜೋಳ
ಒಂದು ಹಿಡಿ ಕದ್ದು ನೆಲಕ್ಕೆ ಚೆಲ್ಲಿದೆ.
ಮೊದಲ ದಿನ ಬಟ್ಟಲು ಸೇರಿದ್ದು ಮೂರು ಕಾಳು.
ಅಮ್ಮ ತೊಕಿಯಾ ಹುಲ್ಲಿನ ಟೋಪಿ ನೇಯುತ್ತ
ತಲೆ ಎತ್ತದೆ ಅಂದಳು:
"ಬೆರಳಿಗೆ ಮರೆವು ಜಾಸ್ತಿ. ನಿನ್ನನ್ನು ಹೆತ್ತು ಎದ್ದ ಮೇಲೆ
ನಾನು ನೇಯ್ದ ಮೊದಲ ಟೋಪಿ
ನಾಯಿಯ ತಲೆಗೂ ಕೂರುತ್ತಿರಲಿಲ್ಲ."
ಮೂವತ್ತನೆಯ ದಿನ ಬಟ್ಟಲು ತುಂಬಿತು.
ಆ ಕಾಳನ್ನು ಕೋಳಿಗೆ ಹಾಕಿದಳೋ, ತೊಳೆದು ಬೇಯಿಸಿದಳೋ,
ನಾನು ಕೇಳಲಿಲ್ಲ. ತಿಂದೆ.

ಇವತ್ತು ಪರಾಯಿಸೊ ಪಾರ್ಕು, ಬೆಳಗಿನ ಆರು, ಚಳಿ.
ಹೆರಿಬೆರ್ತೊ ಗಡಿಯಾರವನ್ನು ಒತ್ತದೆ ಜೇಬಿಗಿಟ್ಟ:
"ನಾನೂರು ಮೀಟರ್. ಒಂದೇ ಸಲ. ಲೆಕ್ಕಕ್ಕಿಲ್ಲ."
ನಾನು ಮೂರನೆಯ ಸಲ ಲೇಸು ಕಟ್ಟುವಷ್ಟರಲ್ಲಿ
ನಾರ್ಸಿಸಾ ಎರಡು ಬಾರಿ ದಾಟಿಹೋದಳು.
ರಾಷ್ಟ್ರೀಯ ಕೂಟಕ್ಕೆ ನನ್ನ ಜಾಗದಲ್ಲಿ ಹೋಗಿ ಬಂದವಳು.
ಹತ್ತಿರ ಬಂದಾಗ ಉಸಿರನ್ನು ಸಣ್ಣಗೆ ಮಾಡುತ್ತಾಳೆ,
ಕಾಯಿಲೆಯವರ ಕೋಣೆಯ ಮುಂದೆ ನಡೆಯುವ ಹಾಗೆ.

ಬೆಂಚಿನ ಮೇಲೆ ದೋನ್ ಲಿಸಾಂದ್ರೊ.
ಮೂರು ವರ್ಷದ ಹಿಂದೆ ಮಚಾಲಾದಲ್ಲಿ
ಕೊನೆಯ ಗೆರೆ ಕಣ್ಣಿಗೆ ಬಿದ್ದಿತ್ತು, ಆಗ
ನನ್ನ ಹೆಸರಿಗೆ ಕೆಂಪು ಚೀಟಿ ಬರೆದವನು.
ಈಗ ನಿವೃತ್ತ. ತೊಡೆಯ ಮೇಲೆ ಬ್ರೆಡ್ಡಿನ ಚೀಲ.
ನಾನು ಮುಂದೆ ಬರುತ್ತಲೇ ಒಂದು ಬ್ರೆಡ್ಡು ತೆಗೆದು
ಹಳದಿ ಹಲಗೆಯ ಹಾಗೆ ಎತ್ತಿ ಹಿಡಿದ.
ನಿಂತೆ. ಸಿಟ್ಟು ಬಂತು.
"ವೇಗವೇ ಇಲ್ಲ, ಹಾರುವುದೆಲ್ಲಿ?"

"ವೇಗಕ್ಕೆ ಹಾರುವವರನ್ನು ನಲವತ್ತು ವರ್ಷ ನೋಡಿದ್ದೇನೆ ಮಗಳೇ.
ನೀನು ಹೆದರಿ ಹಾರುತ್ತಿದ್ದೀಯ.
ಬಲಗಾಲು ಬಂದು ತಲುಪುವ ಮುಂಚೆಯೇ
ಎಡಗಾಲು ಎದ್ದುಬಿಡುತ್ತದೆ,
ಕಾದ ಕಾವಲಿ ಮುಟ್ಟಿದ ಹಾಗೆ."
ಬ್ರೆಡ್ಡು ಮುರಿದು ಅರ್ಧ ಕೊಟ್ಟ. ಇನ್ನೂ ಬಿಸಿಯಿತ್ತು.

ಎಡಗಾಲೇ, ನಿನ್ನ ಬಿರುಕು ಮುಚ್ಚಿದೆ,
ಹಾಳೆಯಲ್ಲಿ ನಾನೇ ನೋಡಿದ್ದೇನೆ.
ಆ ಜಾಗದಲ್ಲಿ ಮೂಳೆ ಈಗ ತುಸು ದಪ್ಪ,
ಟೋಪಿಯ ಅಂಚಿಗೆ ಅಮ್ಮ ಎರಡೆಳೆ ಸೇರಿಸಿದಂತೆ.
ಉಳಿದದ್ದು ನೂರೆಂಬತ್ತು ಮೀಟರ್.
ಹಿಮ್ಮಡಿ. ಅಂಗಾಲು. ಹೆಬ್ಬೆರಳು.
ಇನ್ನೊಬ್ಬ ಬರುವ ತನಕ ಇರು.
ಇರು.
ನೋವಲ್ಲ ಇದು, ಭಾರ.
ನನ್ನದೇ, ಐವತ್ತೊಂದು ಕಿಲೋ,
ಇಷ್ಟು ದಿನ ಯಾರ್ಯಾರ ಹೆಗಲಿಗೋ ಹಾಕಿದ್ದು.

ಗೆರೆ ದಾಟಿದ ಮೇಲೆ ಇನ್ನೊಂದು ಸುತ್ತು ಅಂದೆ.
ಹೆರಿಬೆರ್ತೊ ತಲೆ ಅಲ್ಲಾಡಿಸಿದ.
ಶೂ, ಕಾಲುಚೀಲ ಬಿಚ್ಚಿ ಹುಲ್ಲಿನಲ್ಲಿ ಕೂತು
ಬ್ರೆಡ್ಡು ತಿಂದೆ.
ಒಂದು ಚೂರು ಕೆಳಗೆ ಬಿತ್ತು.
ಕೈ ಚಾಚುವ ಮೊದಲೇ
ನೀನು ಬೆರಳು ಮಡಿಸಿ
ಎತ್ತಿಕೊಂಡಿದ್ದೆ.